ಪ್ರೈವೇಟ್ ಹೈಸ್ಕೂಲಿನ ಫೀಸು ಕಟ್ಟಿದರೆ ದೊಡ್ಡ ಕಾಲೇಜಿನ ಸೀಟು ಹತ್ತಿರವಾಗುತ್ತಾ? ಕ್ಯಾಲಿಫೋರ್ನಿಯಾದ ಒಂದು ಕನ್ನಡ ಮನೆಯ ಪ್ರಕರಣ

2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಕನ್ನಡ ಕುಟುಂಬ ಕೆಲವೇ ವಾರಗಳಲ್ಲಿ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಎಂಟನೇ ಕ್ಲಾಸ್ ಮುಗಿಸುತ್ತಿದ್ದ ಮಗಳಿಗೆ ಹತ್ತಿರದ ಒಂದು ಪ್ರೈವೇಟ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು. ಬೇಡ ಎಂದರೆ ಮನೆಯ ವಿಳಾಸಕ್ಕೆ ಸೇರಿದ ಪಬ್ಲಿಕ್ ಹೈಸ್ಕೂಲು, ಅಂದರೆ ಅಲ್ಲಿನ ಸರ್ಕಾರಿ ಶಾಲೆ, ಇದ್ದೇ ಇತ್ತು. ಅಪ್ಪ ದಾವಣಗೆರೆಯವರು, ಅಮ್ಮ ಮೈಸೂರಿನವರು. ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಲೆಕ್ಕ ಹಾಕಲು ಅವರ ಜೊತೆ ಕೂತವಳು ನಾನು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹಿಡಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಈ ಪ್ರಶ್ನೆ ಆ ವರ್ಷ ಎದ್ದದ್ದಕ್ಕೆ ಕಾರಣ ಕೋವಿಡ್. ಕ್ಯಾಲಿಫೋರ್ನಿಯಾದ ಬಹಳಷ್ಟು ಪಬ್ಲಿಕ್ ಸ್ಕೂಲುಗಳು ಇನ್ನೂ ಆನ್‌ಲೈನ್‌ನಲ್ಲೇ ಇದ್ದವು. ಎಷ್ಟೋ ಪ್ರೈವೇಟ್ ಸ್ಕೂಲುಗಳು ಮೊದಲೇ ಬಾಗಿಲು ತೆರೆದಿದ್ದವು. ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಮಂಕಾಗಿದ್ದ ಮಗಳನ್ನು ನೋಡಿ ಅಮ್ಮ ಅರ್ಜಿ ಹಾಕಿದ್ದರು. ಆದರೆ ಸೀಟು ಸಿಕ್ಕ ಮೇಲೆ ಮಾತು ಬೇರೆ ಕಡೆ ಹೊರಳಿತು. "ಅಕ್ಕಾ, ಅಲ್ಲಿಗೆ ಹಾಕಿದ್ರೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಚಾನ್ಸ್ ಜಾಸ್ತಿ ಆಗುತ್ತಾ ಇಲ್ವಾ? ಅಷ್ಟು ಹೇಳಿ ಸಾಕು" ಎಂದರು. ದಾವಣಗೆರೆಯಿಂದ ಅಜ್ಜ ಫೋನಿನಲ್ಲಿ, "ದುಡ್ಡು ತಗಳ್ಳೋ ಶಾಲೆ ಅಂದ್ಮೇಲೆ ಚೆನ್ನಾಗೇ ಇರುತ್ತೆ ಬಿಡಮ್ಮ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಅಜ್ಜನ ಮಾತಿನ ಹಿಂದೆ ನಮ್ಮೂರಿನ ಅನುಭವವಿದೆ. ಆದರೆ ಅಮೆರಿಕದ ದಾರಿಯೇ ಬೇರೆ. ಕರ್ನಾಟಕದ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ ಸೇರಿ ರ್‍ಯಾಂಕ್ ಬರುತ್ತದೆ. ಗ್ರಾಮೀಣ, ಕನ್ನಡ ಮಾಧ್ಯಮ, ಜಾತಿ ಮೀಸಲಾತಿಗಳಿಗೂ ಬರೆದಿಟ್ಟ ನಿಯಮವಿದೆ. ಹುಡುಗಿಯ ಸ್ವಭಾವ ಹೇಗೆ ಎಂದು ಯಾರೂ ಪತ್ರ ಬರೆಯುವುದಿಲ್ಲ. ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಮನುಷ್ಯರು ಕೂತು ಇಡೀ ಅರ್ಜಿ ಓದಿ ತೂಗುತ್ತಾರೆ. ಅಂಕ, ತೆಗೆದುಕೊಂಡ ವಿಷಯಗಳು, ಪ್ರಬಂಧ, ಶಿಕ್ಷಕರ ಪತ್ರ, ಕೌನ್ಸೆಲರ್ (ಓದು, ಕಾಲೇಜಿನ ಬಗ್ಗೆ ಸಲಹೆ ಕೊಡಲು ಶಾಲೆಯಲ್ಲಿರುವವರು) ಬರೆಯುವ ಪತ್ರ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಶಾಲೆ ತನ್ನ ಬಗ್ಗೆ ಕಳಿಸುವ 'ಸ್ಕೂಲ್ ಪ್ರೊಫೈಲ್' ಕೂಡ ಜೊತೆಗಿರುತ್ತದೆ. ಹಾಗಾಗಿ ಶಾಲೆ ಯಾವುದು ಎಂಬುದು ಅಲ್ಲಿ ನಿಜವಾಗಿಯೂ ಒಂದು ವಿಷಯ. ಎಲ್ಲಿ, ಎಷ್ಟು, ಯಾರಿಗೆ ಎಂಬುದನ್ನು ಬಿಡಿಸಿ ನೋಡಬೇಕು, ಅಷ್ಟೇ.

ಶಾಲೆ ಕೊಟ್ಟ ಪಟ್ಟಿ

ಪ್ರೈವೇಟ್ ಸ್ಕೂಲಿನವರು ಒಂದು ಪುಸ್ತಿಕೆ ಕೊಟ್ಟಿದ್ದರು. ಹಿಂದಿನ ಕೆಲವು ವರ್ಷಗಳಲ್ಲಿ ಅವರ ಮಕ್ಕಳು ಸೇರಿದ ಕಾಲೇಜುಗಳ ಪಟ್ಟಿ ಅದರಲ್ಲಿತ್ತು. ಸ್ಟ್ಯಾನ್‌ಫರ್ಡ್, ಹಾರ್ವರ್ಡ್, ಎಂಐಟಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಪಕ್ಕದಲ್ಲಿ ಸಂಖ್ಯೆಗಳು. ಚಿಕ್ಕ ಶಾಲೆಗೆ ಅವು ದೊಡ್ಡ ಸಂಖ್ಯೆಗಳೇ. ಅಪ್ಪ ಅದನ್ನು ಎಕ್ಸೆಲ್‌ಗೆ ಹಾಕಿ, ತರಗತಿಯ ಮಕ್ಕಳ ಸಂಖ್ಯೆಯಿಂದ ಭಾಗಿಸಿ, "ನೋಡಿ, ಇಲ್ಲಿ ಚಾನ್ಸ್ ಎಷ್ಟು ಪಟ್ಟು ಜಾಸ್ತಿ" ಎಂದು ತೋರಿಸಿದರು.

ಈ ಭಾಗಾಕಾರದಲ್ಲೇ ತೊಡಕಿದೆ. ಅಮೆರಿಕದ ಹೈಸ್ಕೂಲ್ ಮಕ್ಕಳಲ್ಲಿ ಪ್ರೈವೇಟ್ ಸ್ಕೂಲಿನವರು ಹತ್ತರಲ್ಲಿ ಒಬ್ಬರ ಆಸುಪಾಸು. ಹಾರ್ವರ್ಡ್, ಪ್ರಿನ್ಸ್‌ಟನ್‌ನಂಥ ಕಡೆ ಅವರೇ ಸುಮಾರು ಮೂರರಲ್ಲಿ ಒಬ್ಬರು. ಆದರೆ ಆ ಮಕ್ಕಳು ಯಾರು? ಏಷ್ಯನ್ ಮೂಲದ ಮಕ್ಕಳಿಗೆ ಪ್ರವೇಶದಲ್ಲಿ ಅನ್ಯಾಯವಾಗುತ್ತಿದೆ ಎಂದು ಹಾರ್ವರ್ಡ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಹೊರಬಂದ ಅಂಕಿಗಳು ಇದಕ್ಕೆ ಒಳ್ಳೆಯ ಬೆಳಕು ಕೊಡುತ್ತವೆ. ಅಲ್ಲಿ ಸೀಟು ಪಡೆದ ಬಿಳಿಯ ಮಕ್ಕಳಲ್ಲಿ ನೂರಕ್ಕೆ 43 ಮಂದಿ ನಾಲ್ಕು ವಿಶೇಷ ಗುಂಪುಗಳಿಗೆ ಸೇರಿದವರು. ಆಟಕ್ಕಾಗಿ ಆರಿಸಿಕೊಂಡವರು, ಹಾರ್ವರ್ಡ್‌ನಲ್ಲೇ ಓದಿದವರ ಮಕ್ಕಳು, ಡೀನರ ವಿಶೇಷ ಪಟ್ಟಿಯಲ್ಲಿದ್ದವರು (ದಾನಿಗಳ ಮಕ್ಕಳಂಥವರು), ಅಲ್ಲಿನ ಪ್ರಾಧ್ಯಾಪಕರು ಮತ್ತು ಸಿಬ್ಬಂದಿಯ ಮಕ್ಕಳು. ಸೀಟು ಪಡೆದ ಏಷ್ಯನ್ ಮೂಲದ ಮಕ್ಕಳಲ್ಲಿ ಈ ಗುಂಪಿನವರು ನೂರಕ್ಕೆ 16ಕ್ಕಿಂತ ಕಮ್ಮಿ. ತಂದೆ ತಾಯಿ ಅಲ್ಲೇ ಓದಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸೀಟು ಸಿಗುತ್ತಿತ್ತು. ಒಟ್ಟಾರೆ ಅರ್ಜಿ ಹಾಕಿದವರಲ್ಲಿ ಸಿಗುತ್ತಿದ್ದದ್ದು ನೂರಕ್ಕೆ ಐದಾರು ಮಂದಿಗೆ.

ಅಂಥ ತಂದೆ ತಾಯಿ ಹೆಚ್ಚಾಗಿ ಸಿಗುವುದು ದುಬಾರಿ ಪ್ರೈವೇಟ್ ಸ್ಕೂಲುಗಳಲ್ಲೇ. ಹಾಗಾಗಿ ಪಟ್ಟಿಯಲ್ಲಿರುವ ಸ್ಟ್ಯಾನ್‌ಫರ್ಡ್ ಸೀಟುಗಳಲ್ಲಿ ಒಂದಷ್ಟು ಮನೆಯಿಂದ ಬಂದವು, ಶಾಲೆಯಿಂದ ಬಂದವಲ್ಲ. ನಮ್ಮ ಹುಡುಗಿಯ ಅಪ್ಪ ಬಿಇ ಓದಿದ್ದು ದಾವಣಗೆರೆಯಲ್ಲಿ, ಅಮ್ಮ ಮೈಸೂರಿನಲ್ಲಿ. ಆ ಬಾಗಿಲು ಈ ಮಗುವಿಗೆ ಯಾವ ಶಾಲೆಗೆ ಹೋದರೂ ಇರಲಿಲ್ಲ. ಪಟ್ಟಿಯಲ್ಲಿ ಎಷ್ಟು ಮಂದಿ ಇಂಥವರು ಎಂದು ಅಮ್ಮ ಶಾಲೆಗೆ ಇಮೇಲ್ ಮಾಡಿ ಕೇಳಿದರು. ಅಂಥ ವಿವರ ಹಂಚಿಕೊಳ್ಳುವುದಿಲ್ಲ ಎಂದು ಉತ್ತರ ಬಂತು. ಮಕ್ಕಳ ಖಾಸಗಿತನದ ದೃಷ್ಟಿಯಿಂದ ಅದು ಸರಿಯಾದ ಉತ್ತರವೇ ಇರಬಹುದು. ಆದರೆ ಆ ವಿವರ ಇಲ್ಲದೆ ಪಟ್ಟಿಯಿಂದ ನಮ್ಮ ಮಗುವಿನ ಚಾನ್ಸ್ ಲೆಕ್ಕ ಹಾಕಲು ಆಗುವುದಿಲ್ಲ.

ಇನ್ನೊಂದು ವಿಷಯ. ಇಂಥ ಶಾಲೆಗಳು ಪರೀಕ್ಷೆ, ಸಂದರ್ಶನ ಮಾಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಚುರುಕಾದ ಮಕ್ಕಳನ್ನೇ ಆರಿಸಿಕೊಂಡ ಮೇಲೆ ಫಲಿತಾಂಶ ಚೆನ್ನಾಗಿ ಬಂದರೆ ಶಾಲೆಯ ಪಾಲು ಎಷ್ಟು? ಇದನ್ನು ಬಾಸ್ಟನ್ ಮತ್ತು ನ್ಯೂಯಾರ್ಕ್‌ನ ಪ್ರವೇಶ ಪರೀಕ್ಷೆ ಇರುವ ಪಬ್ಲಿಕ್ ಸ್ಕೂಲುಗಳ ಮೇಲೆ ಅರ್ಥಶಾಸ್ತ್ರಜ್ಞರಾದ ಪರಾಗ್ ಪಾಠಕ್, ಜೋಶುವಾ ಆಂಗ್ರಿಸ್ಟ್ ಮತ್ತು ಜೊತೆಗಾರರು ಅಳೆದು 2014ರಲ್ಲಿ ಪ್ರಕಟಿಸಿದರು. ಕಟ್‌ಆಫ್‌ಗಿಂತ ಒಂದು ಕೂದಲೆಳೆ ಮೇಲಿದ್ದು ಸೇರಿದವರನ್ನೂ, ಒಂದು ಕೂದಲೆಳೆ ಕೆಳಗಿದ್ದು ಸೇರಲಾಗದವರನ್ನೂ ಹೋಲಿಸಿದರು. ಪರೀಕ್ಷೆಯ ಅಂಕಗಳಲ್ಲಾಗಲಿ, ಮುಂದೆ ಸೇರಿದ ಕಾಲೇಜಿನ ಮಟ್ಟದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅವು ಫೀಸಿಲ್ಲದ ಶಾಲೆಗಳು, ಆದ್ದರಿಂದ ಪ್ರೈವೇಟ್ ಸ್ಕೂಲಿಗೆ ಹಾಗೇ ಅನ್ವಯಿಸಬಾರದು. ಆದರೂ ಫಲಿತಾಂಶದ ಪಟ್ಟಿ ನೋಡಿ ಮನಸೋಲುವ ಮುಂಚೆ ಇದನ್ನು ನೆನೆಯುವುದು ಒಳ್ಳೆಯದು.

ಬರ್ಕ್ಲಿಗೆ ಬೇರೆ ನಿಯಮ

ಅಮ್ಮನ ಪ್ರಶ್ನೆಯಲ್ಲಿ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಒಟ್ಟಿಗೆ ಇದ್ದವು. ನನಗೆ ಮುಖ್ಯ ಅನ್ನಿಸಿದ್ದು ಅವೆರಡನ್ನು ಬೇರ್ಪಡಿಸುವುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ, ಡೇವಿಸ್ ಎಲ್ಲ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಯ, ಕ್ಯಾಂಪಸ್‌ಗಳು. ರಾಜ್ಯದ ಸಂಸ್ಥೆ. ಅಲ್ಲಿ ಓದಿದವರ ಮಕ್ಕಳು ಎಂಬ ರಿಯಾಯಿತಿ ಇಲ್ಲ. 1996ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 209 ಎಂಬ ಕಾನೂನಿನ ನಂತರ ಜನಾಂಗವನ್ನೂ ನೋಡುವಂತಿಲ್ಲ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಕಡ್ಡಾಯ ಎಂಬ ನಿಯಮವನ್ನು 2020ರಲ್ಲಿ ತೆಗೆದರು. ಅದರ ಮೇಲಿನ ಮೊಕದ್ದಮೆಯಲ್ಲಿ 2021ರ ಮೇ ತಿಂಗಳಲ್ಲಿ ಆದ ಒಪ್ಪಂದದ ನಂತರ ಆ ಅಂಕವನ್ನು ಪ್ರವೇಶಕ್ಕೆ ನೋಡುವುದೇ ನಿಂತಿತು.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಯುಸಿ ಸಾಮಾನ್ಯವಾಗಿ ಶಿಫಾರಸು ಪತ್ರವನ್ನೇ ಕೇಳುವುದಿಲ್ಲ. ಬರ್ಕ್ಲಿ ಕೆಲವರಿಂದ ಮಾತ್ರ ತರಿಸಿಕೊಳ್ಳುತ್ತದೆ. ಪ್ರೈವೇಟ್ ಸ್ಕೂಲಿನ ಬಹುದೊಡ್ಡ ಬಲ ಎಂದರೆ ಪ್ರತಿ ಮಗುವನ್ನೂ ಹತ್ತಿರದಿಂದ ಬಲ್ಲ ಕೌನ್ಸೆಲರ್, ಅವರು ತಿದ್ದಿ ತೀಡಿ ಬರೆಯುವ ಪತ್ರ. ಯುಸಿಗೆ ಅರ್ಜಿ ಹಾಕುವಾಗ ಆ ಬಲ ಬಹುಮಟ್ಟಿಗೆ ಕೆಲಸಕ್ಕೇ ಬರುವುದಿಲ್ಲ! ಅಲ್ಲಿ ನಡೆಯುವುದು ಹತ್ತು ಹನ್ನೊಂದನೇ ಕ್ಲಾಸಿನ ಅಂಕ, ಆರಿಸಿಕೊಂಡ ವಿಷಯಗಳ ಗಟ್ಟಿತನ, ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದದೊಳಗಿನ ಉತ್ತರ, ಮಾಡಿದ ಚಟುವಟಿಕೆ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳು), ಆನರ್ಸ್ ವಿಷಯಗಳಿಗೆ ಸಿಗುವ ಹೆಚ್ಚುವರಿ ಅಂಕಕ್ಕೂ ಎಂಟು ಸೆಮಿಸ್ಟರ್‌ಗಳ ಮಿತಿ ಇದೆ. ಹಾಗಾಗಿ ಇಪ್ಪತ್ತು ಎಪಿ ಇರುವ ಶಾಲೆ ಎಂಬ ಜಾಹೀರಾತಿನಿಂದ ಆ ಲೆಕ್ಕಕ್ಕೆ ಹೆಚ್ಚೇನೂ ಸೇರುವುದಿಲ್ಲ.

ಯುಸಿ ಪ್ರತಿ ಹೈಸ್ಕೂಲಿನಿಂದ ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಸೀಟು ಕೊಟ್ಟೆವು ಎಂಬುದನ್ನು ಕ್ಯಾಂಪಸ್‌ವಾರು ಬಹಿರಂಗವಾಗಿ ಪ್ರಕಟಿಸುತ್ತದೆ. ಎಷ್ಟು ಪಾಲಕರಿಗೆ ಇದು ಗೊತ್ತೇ ಇಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ನಾವು ಎರಡೂ ಶಾಲೆಗಳ ಅಂಕಿ ತೆಗೆದೆವು. ಪ್ರೈವೇಟ್ ಸ್ಕೂಲಿನದು ತುಸು ಹೆಚ್ಚಿತ್ತು, ಆದರೆ ಎರಡೂ ಹತ್ತಿರ ಹತ್ತಿರ. ಕೆಲವು ಕ್ಯಾಂಪಸ್‌ಗಳಲ್ಲಿ ಪಬ್ಲಿಕ್ ಸ್ಕೂಲೇ ಮುಂದಿತ್ತು. ಆರಿಸಿಕೊಂಡ ಮಕ್ಕಳು, ಆರಿಸದ ಮಕ್ಕಳು ಎಂಬ ವ್ಯತ್ಯಾಸವನ್ನೂ ಕಳೆದರೆ ಉಳಿಯುವುದು ಏನೂ ಇಲ್ಲ ಅನ್ನುವಷ್ಟು ಕಮ್ಮಿ.

ಪಬ್ಲಿಕ್ ಸ್ಕೂಲಿನಲ್ಲೂ ಒಂದು ಕಷ್ಟವಿತ್ತು, ಅದನ್ನು ಮುಚ್ಚಿಡಬಾರದು. ಕ್ಯಾಲಿಫೋರ್ನಿಯಾದಲ್ಲಿ ತನ್ನ ಶಾಲೆಯ ಮೇಲಿನ ನೂರಕ್ಕೆ 9ರೊಳಗೆ ಬರುವ ಮಗುವಿಗೆ ಯುಸಿ ಒಂದು ಭರವಸೆ ಕೊಡುತ್ತದೆ. ಕೇಳಿದ ಕ್ಯಾಂಪಸ್ ಸಿಗದಿದ್ದರೂ ಜಾಗ ಇರುವ ಕಡೆ ಸೀಟು. ಅದು ಹೆಚ್ಚಾಗಿ ಯುಸಿಯ ಮರ್ಸೆಡ್ ಕ್ಯಾಂಪಸ್ ಆಗಿರುತ್ತದೆ. ಆದರೆ ಸನ್ನಿವೇಲ್, ಕ್ಯುಪರ್ಟಿನೋ ಕಡೆಯ ಶಾಲೆಗಳಲ್ಲಿ ಆ 9ರೊಳಗೆ ಬರುವುದೇ ದೊಡ್ಡ ಪೈಪೋಟಿ. ಸುಮಾರು 480 ಮಕ್ಕಳ ತರಗತಿಯಲ್ಲಿ 43 ಜನ. ಎಲ್ಲರ ಮನೆಯಲ್ಲೂ ಇಂಜಿನಿಯರುಗಳು, ಎಲ್ಲರಿಗೂ ಟ್ಯೂಷನ್. ಪೈಪೋಟಿ ಕಮ್ಮಿ ಇರುವ ಊರಿನ ಪಬ್ಲಿಕ್ ಸ್ಕೂಲಿಗೆ ಹೋದರೆ ಮೇಲೆ ಕಾಣುವುದು ಸುಲಭ ಎಂದು ಮನೆ ಬದಲಿಸಿದವರೂ ಇದ್ದಾರೆ. ಇವರಿಗೆ ಅದು ಬೇಡವಾಗಿತ್ತು. ಈ ಶಾಲೆಯ ವ್ಯಾಪ್ತಿಯಲ್ಲಿ ಮನೆ ಬೇಕೆಂದೇ ಅವರು ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದರು. ಒಂದು ಲೆಕ್ಕದಲ್ಲಿ ಪಬ್ಲಿಕ್ ಸ್ಕೂಲಿನ ಫೀಸನ್ನು ಆಗಲೇ ಬ್ಯಾಂಕಿಗೆ ಕಂತಿನಲ್ಲಿ ಕಟ್ಟುತ್ತಿದ್ದರು.

ದುಡ್ಡಿನ ಮಾತು ಬೇಗ ಮುಗಿಯಿತು. ಪ್ರೈವೇಟ್ ಫೀಸು ವರ್ಷಕ್ಕೆ 50 ಸಾವಿರ ಡಾಲರ್ ದಾಟಿತ್ತು, ಪ್ರತಿವರ್ಷ ಏರುತ್ತಿತ್ತು. ನಾಲ್ಕು ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ. ಆಗ ರಾಜ್ಯದ ಮಕ್ಕಳಿಗೆ ಯುಸಿಯ ಖರ್ಚು ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 40 ಸಾವಿರದ ಒಳಗಿತ್ತು. ಅಂದರೆ ಡಿಗ್ರಿಗಿಂತ ಹೈಸ್ಕೂಲೇ ದುಬಾರಿ. ಇವರು ಸಾಲ ಮಾಡದೆ ಕಟ್ಟಬಲ್ಲವರಾಗಿದ್ದರು, ಆದರೆ ಮಗಳ ಹಿಂದೆ ಒಬ್ಬ ತಮ್ಮನಿದ್ದ. ಮಗಳನ್ನು ಕೇಳಿದಾಗ ಅವಳು ಹೇಳಿದ್ದು ಎರಡೇ ಮಾತು. ಗೆಳತಿಯರು ಪಬ್ಲಿಕ್ ಸ್ಕೂಲಿಗೆ ಹೋಗುತ್ತಿದ್ದಾರೆ, ಸೈಕಲ್‌ನಲ್ಲಿ ಹೋಗಬಹುದು. ಏಪ್ರಿಲ್‌ನಲ್ಲಿ ಸೀಟು ಬಿಟ್ಟುಕೊಟ್ಟರು.

2023ರ ಬೇಸಿಗೆ

ಎರಡು ವರ್ಷದ ನಂತರ ಅದೇ ಪ್ರಶ್ನೆ ಮತ್ತೆ ಎದ್ದಿತು. 2023ರ ಜುಲೈನಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಹೊರಬಂತು. ಐವಿ ಲೀಗ್ ಎನ್ನುವ ಹಳೆಯ, ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಿನ ಎಂಟು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೋ. ಒಟ್ಟು 12 ಕಾಲೇಜುಗಳು. ಒಂದೇ ಮಟ್ಟದ ಎಸ್‌ಎಟಿ ಅಂಕ ಇದ್ದರೂ ಅತಿ ಶ್ರೀಮಂತ ನೂರರಲ್ಲಿ ಒಂದು ಪಾಲಿನ ಮನೆಗಳ ಮಕ್ಕಳು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚಾಗಿ ಅಲ್ಲಿ ಸೇರುತ್ತಾರೆ. ಪ್ರವೇಶದಲ್ಲಿ ಸಿಗುವ ಲಾಭಕ್ಕೆ ಅವರು ಕಂಡ ಕಾರಣ ಮೂರು. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ, ಆಟಗಾರರ ನೇಮಕ, ಓದಿನಾಚೆಯ ವಿಷಯಗಳಿಗೆ ಕೊಡುವ ತೂಕ. ಮೂರನೆಯದರಲ್ಲೇ ಶಾಲೆ ಬರುತ್ತದೆ. ಧಾರ್ಮಿಕ ಸಂಸ್ಥೆಗೆ ಸೇರದ ಪ್ರೈವೇಟ್ ಸ್ಕೂಲುಗಳ ಮಕ್ಕಳಿಗೆ, ಅನುಕೂಲಸ್ಥ ಬಡಾವಣೆಗಳ ಪಬ್ಲಿಕ್ ಸ್ಕೂಲಿನ ಅಷ್ಟೇ ಜಾಣ ಮಕ್ಕಳಿಗಿಂತ ಓದಿನಾಚೆಯ ರೇಟಿಂಗ್ ಹೆಚ್ಚು, ಸೀಟೂ ಹೆಚ್ಚು.

ಅಮ್ಮ ಅದನ್ನು ಓದಿ ಫೋನ್ ಮಾಡಿದರು. "ಅಕ್ಕಾ, ನಾವೇ ಅವಳ ಚಾನ್ಸ್ ಹಾಳು ಮಾಡಿದ್ವಾ?" ಆ ದನಿಯಲ್ಲಿದ್ದ ಸಂಕಟ ನಿಜವಾದದ್ದು. ಅಧ್ಯಯನವೂ ನಿಜ. ಆ ಹನ್ನೆರಡು ಕಾಲೇಜುಗಳಿಗೆ ಪ್ರೈವೇಟ್ ಸ್ಕೂಲಿನಿಂದ ಸ್ವಲ್ಪ ಲಾಭ ಇದೆ ಎಂದು ಒಪ್ಪಲೇಬೇಕು. ಆದರೆ ಅದೇ ಅಧ್ಯಯನ ಇನ್ನೆರಡು ಮಾತು ಹೇಳುತ್ತದೆ. ರಾಜ್ಯಗಳ ಪ್ರಮುಖ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶ್ರೀಮಂತ ಮನೆಯ ಮಕ್ಕಳಿಗೆ ಇಂಥ ಲಾಭ ಇಲ್ಲ. ಮತ್ತು ಓದಿನಾಚೆಯ ಆ ರೇಟಿಂಗ್‌ಗೂ ಕಾಲೇಜಿನ ನಂತರದ ಯಶಸ್ಸಿಗೂ ನಂಟು ಕಾಣುವುದಿಲ್ಲ. ನಂಟಿರುವುದು ಓದಿನ ಅಳತೆಗಳಿಗೆ. ಈ ಹುಡುಗಿಯ ಪಟ್ಟಿಯಲ್ಲಿ ಹೆಚ್ಚಿನವು ಯುಸಿ ಕ್ಯಾಂಪಸ್‌ಗಳೇ.

ಉಳಿದ ಕಾಲೇಜುಗಳಿಗೆ ಏನು ಮಾಡಬಹುದು ಎಂದು ಯೋಚಿಸಿದೆವು. ಲಾಭ ಕೌನ್ಸೆಲರ್ ಪತ್ರದ ಮೂಲಕ ಬರುತ್ತಿದ್ದರೆ ಆ ಪತ್ರವನ್ನೇ ಚೆನ್ನಾಗಿಸಬೇಕು. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘ ಹೇಳುವುದು ಒಬ್ಬರಿಗೆ 250 ಮಕ್ಕಳು. ಕ್ಯಾಲಿಫೋರ್ನಿಯಾದಲ್ಲಿ ಸರಾಸರಿ 400ಕ್ಕೂ ಜಾಸ್ತಿ. ಇವಳ ಕೌನ್ಸೆಲರ್‌ಗೂ ಅಷ್ಟೇ. ಒಳ್ಳೆಯ ಹೆಂಗಸು, ಆದರೆ ಅಷ್ಟು ಮಕ್ಕಳಲ್ಲಿ ಇವಳ ಮುಖ ನೆನಪಿಟ್ಟುಕೊಳ್ಳಲು ಏನೂ ಕಾರಣ ಇರಲಿಲ್ಲ. ಹನ್ನೊಂದನೇ ಕ್ಲಾಸಿನಲ್ಲಿ ಹುಡುಗಿ ತಾನೇ ಹೋಗಿ ಮಾತಾಡಿಸತೊಡಗಿದಳು. ವಿಷಯ ಬದಲಾವಣೆಗೆ ಒಮ್ಮೆ, ಬೇಸಿಗೆ ಕೆಲಸದ ಬಗ್ಗೆ ಕೇಳಲು ಒಮ್ಮೆ, ಹೀಗೆ.

ವರ್ಷದ ಕೊನೆಗೆ ಪತ್ರ ಬರೆಯಲು ನೆರವಾಗುವಂತೆ ಶಾಲೆ ಪಾಲಕರಿಗೆ ಒಂದು ಪ್ರಶ್ನಾವಳಿ ಕಳಿಸುತ್ತದೆ. 'ಬ್ರ್ಯಾಗ್ ಶೀಟ್' ಎನ್ನುತ್ತಾರೆ. ನಿಮ್ಮ ಮಗುವಿನ ವಿಶೇಷ ಏನು ಎಂಬ ಜಾಗದಲ್ಲಿ ಅಪ್ಪ ಬರೆದದ್ದು: ಚೆನ್ನಾಗಿ ಓದುತ್ತಾಳೆ, ಹೇಳಿದ ಮಾತು ಕೇಳುತ್ತಾಳೆ, ಯಾರಿಗೂ ತೊಂದರೆ ಕೊಡುವುದಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳನ್ನು ಇದಕ್ಕಿಂತ ಹೆಚ್ಚಾಗಿ ಹೊಗಳಿದರೆ ದೃಷ್ಟಿಯಾಗುತ್ತದೆ ಅನ್ನುತ್ತೇವೆ ಅಲ್ವಾ? ಆದರೆ ಕೌನ್ಸೆಲರ್ ಆ ಮೂರು ಸಾಲಿನಿಂದ ಏನು ಬರೆಯಬೇಕು? ಹುಡುಗಿ ಎರಡು ವರ್ಷದಿಂದ ಸ್ಟೀವನ್ಸ್ ಕ್ರೀಕ್ ಎಂಬ ಹೊಳೆಯ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷೆ ಮಾಡಿ ದಾಖಲಿಸುತ್ತಿದ್ದಳು. ಮೊದಲ ಮಳೆ ಬಂದ ದಿನ ರಸ್ತೆಯ ಎಣ್ಣೆ, ಕೊಳೆ ಎಲ್ಲ ಹೊಳೆಗೆ ಇಳಿಯುತ್ತದೆ ಎಂದು ಬೆಳಿಗ್ಗೆ ಶಾಲೆಗೆ ಮುಂಚೆ ಒದ್ದೆಯಾಗಿ ಹೋಗುತ್ತಿದ್ದಳು. ಅಮ್ಮ ಅದನ್ನು ಹಾಗೇ ಬರೆದರು. ಮೈಸೂರಿಗೆ ಹೋದಾಗ ಅಜ್ಜಿ ಮನೆಯ ಬೋರ್‌ವೆಲ್ ನೀರಿಗೂ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದ್ದನ್ನೂ ಸೇರಿಸಿದರು. ಕೌನ್ಸೆಲರ್ ಅದನ್ನು ಓದಿ ಹುಡುಗಿಯನ್ನು ಕರೆಸಿ ಮುಕ್ಕಾಲು ಗಂಟೆ ಮಾತಾಡಿದರು. ಫೀಸು ಕಟ್ಟಿದ ಶಾಲೆಯಲ್ಲಿ ತಾನಾಗಿ ಆಗುವ ಕೆಲಸ ಇದು. ಇಲ್ಲಿ ಮನೆಯವರು ನೆನಪಿಟ್ಟು ಮಾಡಿಸಬೇಕು. ಇಂಗ್ಲಿಷ್ ಬಾರದ, ಎರಡು ಪಾಳಿ ದುಡಿಯುವ ಅಪ್ಪ ಅಮ್ಮ ಇದ್ದರೆ ಯಾರು ಮಾಡಿಸುತ್ತಿದ್ದರು? ಈ ಪದ್ಧತಿಯ ದೊಡ್ಡ ಅನ್ಯಾಯ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಫಲಿತಾಂಶ

2025ರ ವಸಂತದಲ್ಲಿ ಉತ್ತರಗಳು ಬಂದವು. ಸ್ಟ್ಯಾನ್‌ಫರ್ಡ್ ಇಲ್ಲ. ಎರಡು ಐವಿ ಕಾಲೇಜುಗಳೂ ಇಲ್ಲ. ಲಾಸ್ ಏಂಜಲೀಸ್ ಇಲ್ಲ. ಅಲ್ಲಿಗೆ 2024ರಲ್ಲಿ ಸುಮಾರು 1,46,000 ಅರ್ಜಿ ಬಂದು ನೂರಕ್ಕೆ 9 ಮಂದಿಗೆ ಸೀಟು ಸಿಕ್ಕಿತ್ತು. ಬರ್ಕ್ಲಿ ವೇಟ್‌ಲಿಸ್ಟ್‌ನಲ್ಲಿ ಇಟ್ಟು ಆಮೇಲೆ ಇಲ್ಲ ಎಂದಿತು. ಸ್ಯಾನ್ ಡಿಯಾಗೋ ಮತ್ತು ಡೇವಿಸ್ ಕೊಟ್ಟವು. ಡೇವಿಸ್‌ನಲ್ಲಿ ಸಿವಿಲ್ ಮತ್ತು ಪರಿಸರ ಇಂಜಿನಿಯರಿಂಗ್‌ಗೆ ಸೇರಿದಳು. ನೀರಿನ ಕೆಲಸಕ್ಕೆ ಒಳ್ಳೆಯ ಹೆಸರಿರುವ ಕ್ಯಾಂಪಸ್ ಅದು.

ಪ್ರೈವೇಟ್‌ಗೆ ಹೋಗಿದ್ದರೆ ಸ್ಟ್ಯಾನ್‌ಫರ್ಡ್ ಸಿಗುತ್ತಿತ್ತಾ ಎಂದು ಅಪ್ಪ ಒಮ್ಮೆ ಕೇಳಿದರು. ಒಂದು ಮಗುವಿನ ಫಲಿತಾಂಶದಿಂದ ಅದನ್ನು ಹೇಳಲು ಆಗುವುದಿಲ್ಲ. ಸಾಧ್ಯತೆ ತುಸು ಹೆಚ್ಚುತ್ತಿತ್ತು, ಆದರೂ ಇಲ್ಲ ಎಂಬ ಉತ್ತರವೇ ಹೆಚ್ಚು ಸಂಭವ ಇತ್ತು. ಯುಸಿಯ ಉತ್ತರಗಳು ಬದಲಾಗುತ್ತಿದ್ದವು ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಬೇರೆ ರಾಜ್ಯದಲ್ಲಿದ್ದರೆ ಲೆಕ್ಕವೂ ಬೇರೆ. ಆಸ್ಟಿನ್‌ನಲ್ಲಿರುವ ಇವರ ಸಂಬಂಧಿಕರ ಮನೆಯಲ್ಲಿ ಇದೇ ಪ್ರಶ್ನೆ ಈಗ ಎದ್ದಿದೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನಂತೆ ಶಾಲೆಯ ಮೇಲಿನ ನೂರಕ್ಕೆ 10ರೊಳಗಿನ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನೇರ ಸೀಟು. ಆಸ್ಟಿನ್ ಕ್ಯಾಂಪಸ್‌ನಲ್ಲಿ ಮಾತ್ರ ಆ ಮಿತಿ ಮೊದಲೇ ಕಮ್ಮಿ, 2026ರಿಂದ ಅದು 5ಕ್ಕೆ ಇಳಿದಿದೆ. ಜಾಣ ಮಕ್ಕಳನ್ನೇ ಆರಿಸಿ ತುಂಬಿದ ಚಿಕ್ಕ ಪ್ರೈವೇಟ್ ಸ್ಕೂಲಿನಲ್ಲಿ ಆ ಐದರೊಳಗೆ ಬರುವುದು ಇನ್ನೂ ಕಷ್ಟ. ಅಲ್ಲಿ ಫೀಸು ಕಟ್ಟಿ ಚಾನ್ಸ್ ಕಮ್ಮಿ ಮಾಡಿಕೊಂಡಂತೆಯೂ ಆಗಬಹುದು.

ಈಗ ಹುಡುಗಿಯ ತಮ್ಮ ಏಳನೇ ಕ್ಲಾಸಿನಲ್ಲಿದ್ದಾನೆ. ಅವನಿಗೆ ಓದುವಾಗ ಅಕ್ಷರಗಳು ಕಲೆಸುತ್ತವೆ, ದೊಡ್ಡ ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ. ಹದಿನೈದು ಮಕ್ಕಳ ಕ್ಲಾಸ್ ಇರುವ ಒಂದು ಪ್ರೈವೇಟ್ ಸ್ಕೂಲನ್ನು ಇವರು ನೋಡಿ ಬಂದಿದ್ದಾರೆ. ಓದಲು ಕಷ್ಟಪಡುವ ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಪ್ರತ್ಯೇಕವಾಗಿ ಕಲಿಸುತ್ತೀರಿ, ಕಲಿಸುವವರಿಗೆ ಯಾವ ತರಬೇತಿ ಇದೆ ಎಂದು ಅಮ್ಮ ಕೇಳಿದರಂತೆ. ಪಬ್ಲಿಕ್ ಸ್ಕೂಲಿನವರೂ ವಿಶೇಷ ಶಿಕ್ಷಣದ ಕಾನೂನಿನಂತೆ ಅವನನ್ನು ಪರೀಕ್ಷಿಸಿ ಏನು ನೆರವು ಕೊಡಬಹುದು ಎಂದು ಬರೆದು ಕೊಡಬೇಕು. ಆ ವರದಿ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಕಾಲೇಜುಗಳ ಪಟ್ಟಿ ಇರುವ ಪುಸ್ತಿಕೆಯನ್ನು ಈ ಸಲ ಅವರು ಕೇಳಿಲ್ಲ.